ಬೇಳೆ ಬೇಯದ ನೀರು

ನಮ್ಮ ಮನೆಯ ಕುಕ್ಕರ್ ಮೂರು ಸಲ ಸಿಳ್ಳೆ ಹಾಕಿದರೆ ಬೇಳೆ ಬೆಂದಿತೆಂದು ಅರ್ಥ. ಇದರಲ್ಲೇನು ವಿಶೇಷ ಎಂದು ನೀವು ಕೇಳಿದರೆ, ವಿಶೇಷವೇನೂ ಇಲ್ಲದಿರುವುದೇ ನನ್ನ ತಕರಾರು ಎನ್ನುತ್ತೇನೆ. ನಳದ ನೀರು ಹಾಕಿ, ಕೊಳವೆಬಾವಿಯದು ಹಾಕಿ, ಪಕ್ಕದ ಮನೆಯಿಂದ ಬೇಡಿ ತಂದದ್ದು ಹಾಕಿ, ಅದಕ್ಕೆ ಎಲ್ಲವೂ ಒಂದೇ. ಮೂರು ಸಿಳ್ಳೆ, ಮುಗಿಯಿತು. ಆ ಭಾರದ ಮುಚ್ಚಳ ಅಡುಗೆಮನೆಗೆ ಕಾಲಿಡುವ ಮುಂಚೆ ಬಳ್ಳಾರಿ ಸೀಮೆಯಲ್ಲಿ ತೊಗರಿಬೇಳೆಯನ್ನು ಬೇಯಿಸುತ್ತಿದ್ದುದು ಬೆಂಕಿಯೊಂದೇ ಅಲ್ಲ, ನೀರು ಕೂಡ. ಹೊಸ ಊರಿಗೆ ವರ್ಗವಾಗಿ ಹೋದವರನ್ನಾಗಲಿ, ಮಗಳನ್ನು ಕೊಟ್ಟ ಊರಿಗೆ ಹೋಗಿ ಬಂದವರನ್ನಾಗಲಿ ಹಿರಿಯರು ಮೊದಲು ಕೇಳುತ್ತಿದ್ದ ಪ್ರಶ್ನೆ, “ಅಲ್ಲಿ ನೀರಿಗೆ ಬ್ಯಾಳಿ ಬೇಯ್ತಾವೇನು?” ಎಂಬುದು. ಬೆಂದರೆ ಒಳ್ಳೆಯ ನೀರು. ಬೇಯದಿದ್ದರೆ ಸವಳು, ಗಡಸು, ಕೆಟ್ಟ ನೀರು. ಪ್ರಯೋಗಶಾಲೆ, ಪ್ರಯೋಗ, ವರದಿ ಮೂರೂ ಒಂದೇ ಪಾತ್ರೆಯಲ್ಲಿ ಮುಗಿಯುತ್ತಿದ್ದವು. ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರನಾಗಿ ಬ್ಯೂರೆಟ್ಟು ಹಿಡಿದೇ ಕೂದಲು ನರೆಸಿಕೊಂಡ ನಾನು ಅದೇ ತೀರ್ಮಾನಕ್ಕೆ ಬರಲು ಸ್ವಲ್ಪ ಹೆಚ್ಚು ಗಾಜು ಒಡೆಯುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಯಾರದಾದರೂ ಹಂಚಿಕೆ ಕೆಟ್ಟರೆ ‘ಅವನ ಬೇಳೆ ಬೇಯಲಿಲ್ಲ’ ಎನ್ನುತ್ತೇವಲ್ಲ, ಆ ಮಾತಿನಲ್ಲಿ ತಪ್ಪು ಅಡುಗೆಯವನದಾಗಿರದೆ ನೀರಿನದೂ ಆಗಿರಬಹುದೆಂದು, ಅಥವಾ ಯಾರದೂ ಆಗಿರಲಿಕ್ಕಿಲ್ಲವೆಂದು ನನಗೆ ಹೊಳೆದದ್ದು ಮೂವತ್ತು ದಾಟಿದ ಮೇಲೆ. ಅದೂ ಸಮುದ್ರದಿಂದ ಬಂದ ಒಂದು ಕಲ್ಲಿನ ದೆಸೆಯಿಂದ. ಬಳ್ಳಾರಿಗೂ ಸಮುದ್ರಕ್ಕೂ ಎತ್ತಣ ಸಂಬಂಧ ಎನ್ನಬೇಡಿ. ನಮ್ಮಲ್ಲಿ ಏಳುವ ಅಲೆಗಳೆಲ್ಲ ಡಾಂಬರು ರಸ್ತೆಯ ಮೇಲಿನ ಬಿಸಿಲಿನವು ಎಂಬುದು ನನಗೂ ಗೊತ್ತು.

ಕಲ್ಲಿಗಿಂತ ಮೊದಲು ಕುರುಗೋಡಿನ ವಿಷಯ ಹೇಳಬೇಕು. ನನ್ನ ಹೆಂಡತಿ ನೀಲಾಳ ತವರು ಅದು. ಹೆಣ್ಣು ನೋಡಲು ಹೋದ ದಿನ ಅವರ ಮನೆಯ ಸಾರಿನಲ್ಲಿ ಬೇಳೆ ಇಡಿಯಿಡಿಯಾಗಿ ತಟ್ಟೆಯ ತುಂಬ ಉರುಳಾಡುತ್ತಿತ್ತು. ನನ್ನ ಅವ್ವ ಸಿರುಗುಪ್ಪದವಳು, ತುಂಗಭದ್ರೆಯ ನೀರು ಕುಡಿದು ಬೆಳೆದವಳು. ಆ ನೀರಿನಲ್ಲಿ ಬೇಳೆ ಒಲೆಯ ಮೇಲಿಟ್ಟು ತಿರುಗಿ ನೋಡುವುದರೊಳಗೆ ಬೆಣ್ಣೆಯಾಗುತ್ತದೆಂಬುದು ಅವಳ ಹೆಮ್ಮೆ. ಹುಡುಗಿಯನ್ನು ಒಪ್ಪಿದಳು, ಬೇಳೆಯನ್ನು ಒಪ್ಪಲಿಲ್ಲ. ಮದುವೆಯಾಗಿ ವರ್ಷಗಳು ಕಳೆದರೂ, ನೀಲಾಳ ಕೈಯಿಂದ ಒಂದು ಲೋಟ ಜಾರಿ ಬಿದ್ದರೆ ಸಾಕು, “ಹೋಗ್ಲಿ ಬಿಡು, ಬ್ಯಾಳಿ ಬೇಯದ ಊರಾಗಿಂದ ಬಂದಾಕಿ” ಎಂಬ ಮಾತು ಬರುತ್ತಿತ್ತು. ಇದನ್ನು ಇಷ್ಟು ಸ್ಪಷ್ಟವಾಗಿ ಬರೆದೆನಲ್ಲ, ಈ ಪುಟವನ್ನು ಓದಿದ ನೀಲಾ, ಅಂದು ಕೊಟ್ಟದ್ದು ಒಗ್ಗರಣೆ ಮಂಡಕ್ಕಿ ಮತ್ತು ಚಹಾ, ಸಾರು ಮಾಡಿಯೇ ಇರಲಿಲ್ಲ ಎನ್ನುತ್ತಾಳೆ. ಹಾಗಾದರೆ ನನ್ನ ಹಲ್ಲಿನ ಸಂದಿಯಲ್ಲಿ ಇಂದಿಗೂ ಸಿಕ್ಕಿಕೊಂಡಿರುವ ಆ ಬೇಳೆ ಯಾವ ಊರಿನದು? ಇರಲಿ. ಬೇಳೆ ಸುಳ್ಳಾದರೂ ಚುಚ್ಚುಮಾತು ನಿಜ. ಅದರ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಅವ್ವನ ತಮ್ಮ ರುದ್ರಪ್ಪ ಮಾವ ಸಿರುಗುಪ್ಪ ಬಿಟ್ಟು ಮದ್ರಾಸು ಸೇರಿದ್ದು ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ. ಆದ್ದರಿಂದ ಅವರಿಗೆ ಪರಸ್ಥಳಕ್ಕೆ ಹೋದಂತೆ ಅನ್ನಿಸಿರಲಿಲ್ಲ. ಆಮೇಲೆ ಗಡಿಗಳು ಸರಿದವು, ಮಾವ ಸರಿಯಲಿಲ್ಲ. ಜನ ಚೀಟಿ ಕೊಂಡು ಕಡಲಮೀನು ನೋಡಲು ಬರುವ ಜಾಗವೊಂದರಲ್ಲಿ ಗಾಜಿನ ತೊಟ್ಟಿಗಳನ್ನು ತೊಳೆಯುವುದು, ನೀರು ಬದಲಿಸುವುದು ಅವರ ಕೆಲಸ. ಮದುವೆಯಾಗಲಿಲ್ಲ. ನಿವೃತ್ತರಾಗಿ, ಎಪ್ಪತ್ತೆರಡರಲ್ಲೋ ಎಪ್ಪತ್ತಮೂರರಲ್ಲೋ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಬಳ್ಳಾರಿ ಸ್ಟೇಷನ್ನಿನಲ್ಲಿ ಇಳಿದಾಗ ಅವರ ಜೊತೆ ಹಗ್ಗ ಬಿಗಿದ ಒಂದು ಟ್ರಂಕು, ಗೋಣಿತಾಟು ಸುತ್ತಿದ ಒಂದು ಗಾಜಿನ ತೊಟ್ಟಿ, ಉಪ್ಪಿನಕಾಯಿ ಹಾಕುವಂಥ ಎರಡು ದೊಡ್ಡ ಜಾಡಿ ಇದ್ದವು. ಜಾಡಿಗಳಲ್ಲಿ ಸಮುದ್ರವಿತ್ತು. ದಾರಿಯುದ್ದಕ್ಕೂ ಆ ನೀರನ್ನು ಚಹಾ ಆರಿಸುವವರಂತೆ ಲೋಟದಿಂದ ಎತ್ತಿ ಎತ್ತಿ ಹುಯ್ದು ಅದಕ್ಕೆ ಗಾಳಿ ಕುಡಿಸುತ್ತ ಬಂದಿದ್ದರಂತೆ. ಎದುರು ಕೂತವರೊಬ್ಬರು ತಮಗೂ ಒಂದು ಲೋಟ ಕೇಳಿದರೆಂಬುದು ಮಾವ ತಾವೇ ಸೇರಿಸಿದ ಉಪ್ಪಿರಬೇಕು.

ಒಂದು ಜಾಡಿಯ ತಳದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಕಲ್ಲು ಕೂತಿತ್ತು. ಜೀವಂತ ಹವಳ. ರಾಮೇಶ್ವರದ ಕಡೆಯ ಬೆಸ್ತನೊಬ್ಬ ಮಾವನಿಗೆ ಬೀಳ್ಕೊಡುಗೆಯಾಗಿ ಕೊಟ್ಟದ್ದು. ಸುದ್ದಿ ಕೇಳಿ ಕಂಟೋನ್ಮೆಂಟಿನ ನಮ್ಮ ಬೀದಿಯ ಹೆಂಗಸರೆಲ್ಲ ನೋಡಲು ಬಂದು, ಕಂದು ಬಣ್ಣದ ಆ ಗಡ್ಡೆಯನ್ನು ಕಂಡು ನಿರಾಶರಾದರು.

“ಹವಳ ಅಂದ್ರ ಕೆಂಪಗ ಇರಬೇಕಲ್ರಿ?” ಎಂದು ಒಬ್ಬಾಕೆ ತನ್ನ ತಾಳಿಯ ಹವಳ ಎತ್ತಿ ತೋರಿಸಿದಳು.

“ನಿಮ್ಮ ಕೊಳ್ಳಾಗಿರೋದು ಎಲುಬು, ಅಮ್ಮಾ. ಈಕಿ ಇನ್ನೂ ಉಸಿರಾಡಾಕತ್ತಾಳ,” ಎಂದರು ಮಾವ.

ಅಂದು ಆ ಹೆಂಗಸರೆಲ್ಲ ತಾಳಿ ಮುಟ್ಟಿಕೊಂಡೇ ಮನೆಗೆ ಹೋದರು.

ಇನ್ನು ಎಲ್ಲಿಗೂ ಹೋಗಬೇಡ, ಇಲ್ಲೇ ಇದ್ದುಬಿಡು ಎಂದು ಅವ್ವ ಗೋಗರೆದಾಗ ಮಾವ ತೊಟ್ಟಿಯನ್ನೇ ನೋಡುತ್ತ, “ನೋಡೂಣಕ್ಕಾ. ಈಕಿ ಈ ಊರಾಗ ಬದುಕಿದ್ರ ನಾನೂ ಇರ್ತೀನಿ. ಈಕಿಗೆ ಒಗ್ಗಲಿಲ್ಲಂದ್ರ ನನಗೂ ಒಗ್ಗಂಗಿಲ್ಲ, ಮದ್ರಾಸಿಗೆ ವಾಪಸ್,” ಎಂದುಬಿಟ್ಟರು. ತಮಾಷೆಯೆಂದು ನಾವು ನಕ್ಕೆವು. ಆದರೆ ಮಾವ ಟ್ರಂಕನ್ನು ಖಾಲಿ ಮಾಡಲಿಲ್ಲ. ದಿನಾ ಹಗ್ಗ ಸಡಿಲಿಸಿ, ಒಂದು ಪಂಚೆ ಎಳೆದುಕೊಂಡು, ಮತ್ತೆ ಬಿಗಿದು ಮಂಚದ ಕೆಳಗೆ ತಳ್ಳುತ್ತಿದ್ದರು. ಒಡಹುಟ್ಟಿದವನನ್ನು ಇಪ್ಪತ್ತೈದು ವರ್ಷಗಳ ಮೇಲೆ ಮರಳಿ ಪಡೆದಿದ್ದ ಅವ್ವ ದಿನಾ ಆ ಹಗ್ಗದ ಗಂಟನ್ನು ನೋಡುತ್ತಿದ್ದಳು.

ಹೀಗಾಗಿ ಕಂಟೋನ್ಮೆಂಟಿನ ಪಡಸಾಲೆಯಲ್ಲಿ ಸಮುದ್ರವನ್ನು ನಿರ್ಮಿಸುವ, ನಿರ್ಮಿಸಿದ್ದನ್ನು ಪರೀಕ್ಷಿಸುವ ಹೊಣೆ ಮನೆಯ ರಸಾಯನಶಾಸ್ತ್ರಜ್ಞನ ಮೇಲೆ ಬಿತ್ತು. ಜಾಡಿಯ ನೀರು ತೊಟ್ಟಿಯ ಕಾಲುಭಾಗಕ್ಕೂ ಸಾಲಲಿಲ್ಲ. ಉಳಿದದ್ದಕ್ಕೆ ಹರಳುಪ್ಪು ಕರಗಿಸಿದೆ. ಪುಸ್ತಕ ನೋಡಿ, ಹೊಟ್ಟೆ ಕಟ್ಟಿದವರು ಕುಡಿಯುವ ಭೇದಿ ಉಪ್ಪನ್ನೂ ಸೇರಿಸಿದೆ. ನಾನು ಕೇಳಿದ ಪ್ರಮಾಣ ಕೇಳಿ ಔಷಧದಂಗಡಿಯವನು ನನ್ನನ್ನು ನೋಡಿದ ನೋಟದಲ್ಲಿ ಕರುಣೆಯಿತ್ತು. ಉಪ್ಪಿನ ಹದ ನೋಡಲು ಕಾಲೇಜಿನಲ್ಲಿ ಸರಿಯಾದ ಉಪಕರಣ ಸಿಗದೆ, ಹಾಲಿನ ದಪ್ಪ ಅಳೆಯುವ ಲ್ಯಾಕ್ಟೋಮೀಟರನ್ನೇ ತಂದು ತೊಟ್ಟಿಯಲ್ಲಿ ತೇಲಿಬಿಟ್ಟೆ. ಸಮುದ್ರದ ನೀರು ಹೆಚ್ಚುಕಡಿಮೆ ಹಾಲಿನಷ್ಟೇ ಭಾರ, ಆದ್ದರಿಂದ ಅದು ಚೆನ್ನಾಗಿಯೇ ಕೆಲಸ ಮಾಡಿತು. ಬೆಳಗ್ಗೆ ಹಾಲು ಹಾಕಲು ಬಂದ ಈರಮ್ಮ ಕಿಟಕಿಯಿಂದ ಅದನ್ನು ಕಂಡಳು. ಆಮೇಲೆ ಒಂದು ವಾರ ಹಾಲು ಗಟ್ಟಿಯಾಗಿ ಬಂತು. ಆ ಸಮುದ್ರದಿಂದ ನಮಗಾದ ಮೊದಲ ಲಾಭ ಅದು.

ಲಾರಿಯ ಹಳೇ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವಂಥ ಕೊಳವೆಯಿಂದ ಹನಿಹನಿಯಾಗಿ ತೊಟ್ಟಿಗೆ ಬಿಡುವ ಏರ್ಪಾಡು ಮಾವನದು. ಬಿಸಿಲಿಗೆ ನೀರು ಕಾಯದಂತೆ ತೊಟ್ಟಿಗೆ ಒದ್ದೆ ಗೋಣಿತಾಟು ಹೊದಿಸಿದ್ದು ಅವ್ವ. ಹವಳಕ್ಕೆ ವಾರಕ್ಕೊಮ್ಮೆ ಹಾಕುವ ಒಣ ಸೀಗಡಿಯ ಪುಡಿಯನ್ನು, ನಮ್ಮದು ಲಿಂಗಪೂಜೆಯ ಮನೆಯಾದ್ದರಿಂದ, ಮಾವ ‘ಔಷಧಿ’ ಎಂದು ಬರೆದ ಡಬ್ಬಿಯಲ್ಲಿ ಇಟ್ಟಿದ್ದರು. “ಆ ಔಷಧಿ ಡಬ್ಬಿ ದೇವರ ಮನಿ ಕಡೆ ತರಬ್ಯಾಡ” ಎಂದಷ್ಟೇ ಅವ್ವ ಹೇಳಿದಳು. ತಮ್ಮ ಉಳಿಯುವುದಾದರೆ ಅವಳು ಮೂಗನ್ನೂ ಮುಚ್ಚಿಕೊಳ್ಳಬಲ್ಲವಳಾಗಿದ್ದಳು.

ನಾನು ದಿನಾ ಸಂಜೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ: ಉಪ್ಪು ಇಷ್ಟು, ಶಾಖ ಇಷ್ಟು, ಆಮ್ಲವೋ ಕ್ಷಾರವೋ ತೋರಿಸುವ ಕಾಗದ ಅದ್ದಿದರೆ ಬಂದ ಬಣ್ಣ ಇಂಥದು. ಹವಳ ಸಂತೋಷವಾಗಿದ್ದರೆ ಸಂಜೆಯ ಹೊತ್ತಿಗೆ ಅದರ ಮೈಮೇಲಿನ ಪುಟ್ಟ ಬಾಯಿಗಳಿಂದ ಕೂದಲೆಳೆಯಂಥ ಬೆರಳುಗಳು ಹೊರಬರುತ್ತಿದ್ದವು. ನಾನು ನೋಟ್‌ಬುಕ್ಕು ನೋಡುತ್ತಿದ್ದೆ, ಮಾವ ಬೆರಳು ನೋಡುತ್ತಿದ್ದರು.

ಬಳ್ಳಾರಿಯ ಬಿಸಿಲು ತೊಟ್ಟಿಯಿಂದ ದಿನಾ ಎರಡು ಬೆರಳು ನೀರು ಕುಡಿಯುತ್ತಿತ್ತು. ಉಪ್ಪನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ಹೋದಷ್ಟು ಬರಿಯ ನೀರನ್ನು ಮತ್ತೆ ತುಂಬಬೇಕು. ಯಾವ ನೀರು? ಅವ್ವನಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ.

“ಮನಿಗೆ ಬಂದಾಕಿಗೆ ಸವಳು ನೀರು ಕೊಡ್ತಾರೇನಲೇ? ನಮ್ಮೂರ ಹೊಳಿ ನೀರು ತರಸ್ತೀನಿ.”

ಪರಿಚಯದ ಕಂಡಕ್ಟರನೊಬ್ಬನ ದಯೆಯಿಂದ ಸಿರುಗುಪ್ಪದ ಬಸ್ಸಿನ ಮೇಲೆ ವಾರವಾರ ಎರಡು ಕ್ಯಾನು ತುಂಗಭದ್ರೆ ಬರತೊಡಗಿತು. ಓದಿದವನಾದ ನಾನು ಬೇಡವೆನ್ನಬೇಕಿತ್ತೆ? ಅನ್ನಲಿಲ್ಲ, ಬದಲಾಗಿ ತಲೆದೂಗಿದೆ. ಒಳ್ಳೆಯ ನೀರೆಂದರೆ ಬೇಳೆ ಬೇಯುವ ನೀರು, ಅತಿಥಿಗೆ ಕೊಡಬೇಕಾದದ್ದು ಒಳ್ಳೆಯ ನೀರು: ಈ ಎರಡು ವಾಕ್ಯಗಳ ಮೇಲೆ ನಾನು ಬೆಳೆದಿದ್ದೆ, ಕಾಲೇಜು ಆಮೇಲೆ ಬಂದದ್ದು.

ಎರಡು ತಿಂಗಳೋ, ಸ್ವಲ್ಪ ಹೆಚ್ಚೋ ಕಳೆದಿರಬೇಕು. ಬೆರಳುಗಳು ಹೊರಬರುವುದು ನಿಂತಿತು. ಕಲ್ಲಿನ ಅಂಚು ಉಗುರಿನ ಬುಡದಂತೆ ಬೆಳ್ಳಗಾಯಿತು. ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಉಪ್ಪು ಸರಿ, ಶಾಖ ಸರಿ. ಕಾಗದದ ಬಣ್ಣ ದಿನದಿನಕ್ಕೆ ತುಸು ಪೇಲವವಾಗುತ್ತಿದ್ದುದನ್ನು ಗಮನಿಸಿದ್ದೆ, ಕಾಗದ ಹಳೆಯದೆಂದು ಬರೆದುಕೊಂಡಿದ್ದೆ. ಅಳೆಯಲು ನನ್ನ ಕೈಯಲ್ಲಿ ಏನಿತ್ತೋ ಅದನ್ನು ಅಳೆಯುತ್ತಿದ್ದೆನೇ ಹೊರತು ಅದಕ್ಕೆ ಏನು ಬೇಕಿತ್ತೋ ಅದನ್ನಲ್ಲ.

ಒಂದು ಸಂಜೆ ಮಾವ ನನ್ನ ಹೆಗಲ ಮೇಲಿಂದ ನೋಟ್‌ಬುಕ್ಕಿಗೆ ಇಣುಕಿ, “ನಿನ್ನ ಲೆಕ್ಕ ಪಾಸಾಗೇತಿ ಅಳಿಯಾ, ಈಕಿ ಫೇಲಾಗ್ಯಾಳ,” ಎಂದರು. ಮರುದಿನ ಸ್ಟೇಷನ್ನಿಗೆ ಹೋಗಿ ಮದ್ರಾಸು ಗಾಡಿಯ ವೇಳೆ ಕೇಳಿಕೊಂಡು ಬಂದರು. ಅವ್ವ ಎರಡು ಕ್ಯಾನಿನ ಬದಲು ಮೂರು ತರಿಸಿದಳು.

ಅಷ್ಟರಲ್ಲಿ ಮಳೆಗಾಲ ಬಂದು ಹೊಳೆಗೆ ಹೊಸ ನೀರು ಇಳಿಯಿತು. ಕೆಂಪು ನೀರನ್ನು ಅತಿಥಿಗೆ ಕೊಡಲು ಅವ್ವನಿಗೆ ಮನಸ್ಸು ಬಾರದೆ ಕ್ಯಾನುಗಳು ನಿಂತವು. ನಾನು ಪ್ರಾಯೋಗಿಕ ಪರೀಕ್ಷೆ ನಡೆಸಲು ಬೇರೆ ಊರಿಗೆ ಹತ್ತು ದಿನ ಹೋಗಬೇಕಾಯಿತು. ಹೋಗುವಾಗ ತೊಟ್ಟಿಗೆ ಒಂದು ಚಿಟಿಕೆ ಭೇದಿ ಉಪ್ಪು ಹಾಕಿದೆ, ಹವಳದ ಕಡೆ ಮಾತ್ರ ನೋಡಲಿಲ್ಲ. ಬರುವಷ್ಟರಲ್ಲಿ ಮಂಚದ ಕೆಳಗೆ ಟ್ರಂಕು ಇರುವುದಿಲ್ಲವೆಂದುಕೊಂಡಿದ್ದೆ.

ಮರಳಿ ಬಂದಾಗ ಮಾವ ತೊಟ್ಟಿಯ ಮುಂದೆ ನೆಲದ ಮೇಲೆ ಕೂತಿದ್ದರು. ಚಪ್ಪಲಿ ಸದ್ದು ಮಾಡದೆ ಬಾ ಎಂದು ಕೈಸನ್ನೆ ಮಾಡಿದರು. ಕಲ್ಲಿನ ಮೈಯೆಲ್ಲ ಬೆರಳು. ಗಾಳಿಗುಳ್ಳೆ ತಾಗಿದಾಗಲೆಲ್ಲ ಅವು ಮಾಗಿಯ ಜೋಳದ ಹೊಲದಂತೆ ಒಂದೇ ಕಡೆ ಬಾಗುತ್ತಿದ್ದವು. ಹೋಗುವ ಮುನ್ನ ನಾನು ಹಾಕಿದ ಚಿಟಿಕೆ ಭೇದಿ ಉಪ್ಪಿನ ಮಹಿಮೆಯೆಂದು ಆ ಸಂಜೆ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಬರೆದೆ. ಆ ಪುಟ ಇನ್ನೂ ನನ್ನ ಬಳಿ ಇದೆ. ಅಹಂಕಾರ ಬಂದಾಗ ತೆಗೆದು ಓದುತ್ತೇನೆ.

ಬರೆದ ಮೇಲೆ ಶಾಸ್ತ್ರಕ್ಕೆಂದು, ತೊಟ್ಟಿಯ ಪಕ್ಕದ ಕ್ಯಾನಿನಲ್ಲಿ ಉಳಿದಿದ್ದ ನೀರಿಗೆ ಸೋಪಿನ ಪರೀಕ್ಷೆ ಮಾಡಿದೆ. ಸೀಸೆಯಲ್ಲಿ ನೀರು ಹಾಕಿ, ಸೋಪಿನ ದ್ರಾವಣ ಹನಿಸಿ ಕುಲುಕಿದರೆ, ಮೆದು ನೀರಾದರೆ ನೊರೆ ನಿಲ್ಲಬೇಕು. ಕುಲುಕಿದೆ, ಹನಿಸಿದೆ, ಮತ್ತೆ ಕುಲುಕಿದೆ. ನೊರೆಯಿಲ್ಲ, ಒಡೆದ ಹಾಲಿನಂಥ ಕರಣೆ ಮಾತ್ರ. ಸೋಪೇ ಕೆಟ್ಟಿದೆಯೆಂದು ಗೊಣಗುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ನೀಲಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

“ಇಡೀ ಸಾಬೂನು ಹಾಕಿದ್ರೂ ಅದಕ್ಕ ನೊರಿ ಬರಂಗಿಲ್ಲ ಬಿಡ್ರಿ. ಅದು ನಮ್ಮೂರ ಬಾವಿ ನೀರು.”

ಆಮೇಲೆ ತಿಳಿಯಿತು: ಅವಳ ಅಣ್ಣ ಮೆಣಸಿನಕಾಯಿ ಮಾರಲು ಬಳ್ಳಾರಿಗೆ ಬಂದಾಗಲೆಲ್ಲ ಒಂದು ಕ್ಯಾನು ಕುರುಗೋಡಿನ ನೀರು ತಂದುಕೊಡುತ್ತಿದ್ದ. ಅದನ್ನವಳು ಕಟ್ಟಿಗೆಯ ಹಿಂದೆ ಬಚ್ಚಿಟ್ಟು ಒಬ್ಬಳೇ ಕುಡಿಯುತ್ತಿದ್ದಳು.

“ಹೊಳಿ ನೀರು ಸಪ್ಪಗ ಇರ್ತೈತ್ರಿ, ಎಷ್ಟ ಕುಡದ್ರೂ ನನಗ ನೀರಡಿಕಿ ಹೋಗಂಗಿಲ್ಲ. ನೀವು ಊರಾಗಿರಲಿಲ್ಲ, ತೊಟ್ಟಿ ಅರ್ಧಕ್ಕ ಬಂದಿತ್ತು. ಮಧ್ಯಾಹ್ನ ಎಲ್ಲಾರು ಮಲಗಿದಾಗ ಸುರುವಿದೆ. ಪಾಪ, ಆಕಿಗೂ ನೀರಡಿಕಿ ಆಗಿತ್ತೇನೋ.” ಆಮೇಲೆ ದನಿ ತಗ್ಗಿಸಿ, “ಅತ್ತಿಗೆ ಹೇಳಬ್ಯಾಡ್ರಿ ಮತ್ತ. ಈ ಕಲ್ಲಿಗೂ ಬ್ಯಾಳಿ ಬೇಯದಾಕಿ ಅಂತ ಹೆಸರಿಡ್ತಾರ,” ಎಂದಳು.

ಸೀಸೆಯ ಕರಣೆಯನ್ನು ಬೆಳಕಿಗೆ ಹಿಡಿದು ನೋಡಿದೆ. ನೀರಿನಲ್ಲಿ ಬೇಳೆ ಬೇಯಗೊಡದ ವಸ್ತು ಯಾವುದು? ಸುಣ್ಣ. ಹವಳ ತನ್ನ ಮನೆ ಕಟ್ಟಿಕೊಳ್ಳುವುದು ಯಾವುದರಿಂದ? ಸುಣ್ಣದಿಂದ. ಪಿಯುಸಿ ಹುಡುಗನೂ ಹೇಳಬಲ್ಲ ಉತ್ತರ. ಎರಡು ತಿಂಗಳು ನಾವು ಆ ಜೀವಕ್ಕೆ ಅತ್ಯುತ್ತಮವಾದದ್ದನ್ನೇ ಕೊಟ್ಟು, ಅತ್ಯಂತ ಗೌರವದಿಂದ ಉಪವಾಸ ಕೆಡವಿದ್ದೆವು.

ಹೇಳಬೇಡವೆಂದಳು, ನಾನು ಹೇಳಲಿಲ್ಲ. ಹೆಂಡತಿಗೆ ಕೊಟ್ಟ ಮಾತೆನ್ನಬಹುದು, ಅವ್ವನ ಭಯವೆನ್ನಬಹುದು. ಆದರೆ ಹೊಳೆ ತಿಳಿಯಾಗಿ, ಸಿರುಗುಪ್ಪದ ಕ್ಯಾನುಗಳು ಮತ್ತೆ ಬಂದವು. ಅವ್ವ ಸಂಭ್ರಮದಿಂದ ಒಂದನ್ನು ಎತ್ತಿ ತೊಟ್ಟಿಯ ಅಂಚಿಗೆ ತಾಗಿಸಿದಳು. ಮಾವ ನೋಡುತ್ತಿದ್ದರು. ನಾನು ಗಂಟಲು ಸರಿಪಡಿಸಿಕೊಂಡೆ, ಸರಿಪಡಿಸಿಕೊಳ್ಳುತ್ತಲೇ ಇದ್ದೆ.

“ಅತ್ತಿ, ಅದು ಬ್ಯಾಡ್ರಿ,” ಎಂದಳು ನೀಲಾ.

“ಯಾಕ?”

ಆಗ ಮಾತ್ರ ನನ್ನ ನಾಲಗೆ ಹೊರಳಿತು. ಕಾಲೇಜಿನ ಕನ್ನಡದಲ್ಲಿ ಸುಣ್ಣದ ಮೇಲೆ ಒಂದು ಉಪನ್ಯಾಸವನ್ನೇ ಕೊಟ್ಟೆ. ಅವ್ವ ಕ್ಯಾನನ್ನು ಎತ್ತಿ ಹಿಡಿದೇ ಕೇಳಿದಳು.

“ಅಂದ್ರ ನಮ್ಮ ಹೊಳಿ ನೀರು ಕೆಟ್ಟದಂತೇನು? ಆ ಸವಳು ನೀರು ಭಾರಿ ಛಲೋದೇನು?”

“ಕೆಟ್ಟದಲ್ಲಕ್ಕಾ,” ಎಂದರು ಮಾವ ಮೆಲ್ಲಗೆ. “ನಮ್ಮ ನೀರು ಬ್ಯಾಳಿಗೆ ಭೇಷ್. ಆದ್ರ ಈಕಿ ಬ್ಯಾಳಿ ಅಲ್ಲ.”

ಅವ್ವ ಕ್ಯಾನನ್ನು ಕೆಳಗಿಟ್ಟಳು. ಇಲ್ಲಿಂದ ಮುಂದಿನದನ್ನು ನಾನು ವರ್ಷಗಟ್ಟಲೆ ಗೆಳೆಯರಿಗೆ ಹೇಳಿದ್ದು ಹೀಗೆ: ಅವ್ವ ಸೊಸೆಯ ಕೈ ಹಿಡಿದು, “ನಿಮ್ಮೂರ ನೀರು ಇನ್ನೊಂದು ಕೊಡ ತರಸವ್ವಾ” ಎಂದಳು. ಹೇಳಿ ಹೇಳಿ ಆ ವಾಕ್ಯ ಎಷ್ಟು ನುಣುಪಾಗಿದೆಯೆಂದರೆ ಅದರಿಂದಲೇ ನನಗೆ ಅನುಮಾನ. ನೀಲಾ ಹೇಳುವ ಪ್ರಕಾರ ಅವ್ವ ಅಂದು ಏನೂ ಮಾತಾಡಲಿಲ್ಲ. ಕ್ಯಾನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬೇಳೆಗಿಟ್ಟಳು. ಮುಂದಿನ ಸಲ ನೀಲಾಳ ಅಣ್ಣ ಬಂದಾಗ ದೊಡ್ಡ ಹಿತ್ತಾಳೆ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ನೀರು ತುಂಬಿ ತಾ ಎಂದು ಕೊಟ್ಟಳು. ಬರಿಗೊಡ ಕಳಿಸಬಾರದೆಂಬ ರೂಢಿ. ಯಾರಾದರೂ ಒಂದು ಅಚ್ಚು ಬೆಲ್ಲ ಹಾಕುತ್ತಾರೆ. ಅವ್ವ ಅದರಲ್ಲಿ ಒಂದು ಸೇರು ತೊಗರಿಬೇಳೆ ಹಾಕಿ ಕಳಿಸಿದಳು.

ಅದು ಕ್ಷಮೆಯೋ ಕೊಂಕೋ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಕುರುಗೋಡಿನಿಂದ ಕೊಡ ತುಂಬಿ ಬಂತು; ಬೇಳೆಯನ್ನು ಅವರು ಇಟ್ಟುಕೊಂಡರು.

ಹಗ್ಗದ ವಿಷಯ ಮಾತ್ರ ಇಬ್ಬರ ನೆನಪಿನಲ್ಲೂ ಒಂದೇ ಆಗಿದೆ. ಒಂದು ಬೆಳಗ್ಗೆ ಮಾವ ಸ್ನಾನ ಮುಗಿಸಿ ಬಂದು ನೋಡಿದರೆ ಟ್ರಂಕಿಗೆ ಹಗ್ಗವಿಲ್ಲ. ಹಿತ್ತಲಿನ ಬೇವಿನ ಮರಕ್ಕೂ ಕಂಬಕ್ಕೂ ನಡುವೆ ಅದು ಬಿಗಿಯಾಗಿ ನಿಂತು ಸೀರೆಗಳನ್ನು ಹೊತ್ತಿತ್ತು.

“ಅಕ್ಕಾ, ನನ್ನ ಹಗ್ಗ!”

“ಎಲ್ಲಿ ಹೋಗೇತಿ, ಇಲ್ಲೇ ಐತಲ್ಲ. ಸೀರಿ ಒಣಗಲಿ, ಆಮ್ಯಾಲ ಬಿಚಗೊಂಡು ಹೋಗುವಂತಿ.”

ಇಬ್ಬರು ಹೆಂಗಸರಿರುವ ಮನೆಯಲ್ಲಿ ಸೀರೆಗಳೆಲ್ಲ ಒಣಗಿ ಹಗ್ಗ ಬರಿದಾಗುವ ದಿನ ಬರುವುದಿಲ್ಲ. ಮಾವ ಕಾಯುತ್ತ ಹನ್ನೊಂದು ವರ್ಷ ಇದ್ದರು. ಹವಳ ಅಷ್ಟು ದಿನ ಇರಲಿಲ್ಲ. ಎರಡನೆಯ ಬೇಸಿಗೆ ದಾಟಿತು; ಮೂರನೆಯದರಲ್ಲಿ ಗೋಣಿತಾಟು ನೆನೆಸಿದಷ್ಟೂ ಒಣಗುತ್ತಿದ್ದ ಒಂದು ವಾರ ಬಂತು, ಅಷ್ಟೇ. ಆ ದಿನ ಮಾವ ಗಾಡಿಯ ವೇಳೆ ಕೇಳಲು ಹೋಗಲಿಲ್ಲ. ಕಲ್ಲನ್ನು ತೊಳೆದು ಬಿಸಿಲಿಗಿಟ್ಟು, “ಬದುಕಿ ತೋರಿಸಿದ್ಲಲ್ಲ,” ಎಂದು ಊಟಕ್ಕೆ ಕೂತರು. ಈಗ ಅದು ಬೆಳ್ಳಗೆ ನಮ್ಮ ಅಡುಗೆಮನೆಯ ಗೂಡಿನಲ್ಲಿದೆ. ಅದರ ಅಂಚಿನಲ್ಲಿ ಒಂದು ಗೆರೆಯಿದೆ. ಗೆರೆಯ ಆಚೆಗಿನ ಕಿರುಬೆರಳಿನ ಅಗಲದ ಭಾಗ ನಮ್ಮ ಮನೆಯಲ್ಲಿ ಬೆಳೆದದ್ದು ಎಂದು ಮಾವ ಎಲ್ಲರಿಗೂ ತೋರಿಸುತ್ತಿದ್ದರು. ಕುರುಗೋಡಿನ ಬಾವಿ ಅಷ್ಟಗಲ ಕಲ್ಲಾಗಿ ಅಲ್ಲಿ ಕೂತಿದೆ.

ಅವ್ವ ಈಗಿಲ್ಲ, ಮಾವನೂ ಇಲ್ಲ. ಇದನ್ನೆಲ್ಲ ಬರೆಯಲು ಕಾರಣ ಕುಕ್ಕರು. ನಿನ್ನೆ ಅದರ ರಬ್ಬರು ಹರಿದು ಸಿಳ್ಳೆ ನಿಂತುಹೋಯಿತು. ನೀಲಾ ಹಳೆಯ ಪಾತ್ರೆ ಇಳಿಸಿ, ಹೊಸದಾಗಿ ಕೊರೆಸಿದ ಕೊಳವೆಬಾವಿಯ ನೀರಿನಲ್ಲಿ ಬೇಳೆಗಿಟ್ಟಳು. ಒಂದು ಗಂಟೆ ಕುದಿಯಿತು. ನಾನು ಹಸಿದು ಬಾಗಿಲಲ್ಲಿ ನಿಂತಿದ್ದೆ. ಅವಳು ಸೌಟಿನಿಂದ ಒಂದು ಕಾಳು ತೆಗೆದು ಬೆರಳುಗಳ ನಡುವೆ ಹಿಚುಕಿದಳು. ಅದು ಜಾರಿತೇ ಹೊರತು ಮೆತ್ತಗಾಗಲಿಲ್ಲ. ಇಡಿಯಾದ ಆ ಕಾಳನ್ನು ನನ್ನ ಕಣ್ಣೆದುರು ಹಿಡಿದು ನಕ್ಕಳು.

“ಈಗ ನಿಮ್ಮೂರಾಗೂ ಬ್ಯಾಳಿ ಬೇಯಂಗಿಲ್ಲ ನೋಡ್ರಿ. ಅತ್ತಿ ಇರಬೇಕಿತ್ತು.”

ಹಾಗೆಯೇ ಸಾರು ಮಾಡಿದಳು, ಹಾಗೆಯೇ ಉಂಡೆವು. ಒಂದು ಬೇಳೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಈ ಸಲದ್ದು ಯಾವ ಊರಿನದೆಂದು, ಮರೆಯುವ ಮುಂಚೆ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.